ಭಟ್ಟರು ಸೈಕಲ್ ಏರುವ ಕ್ರಮ

ಮೂರನೆಯ ಸಲ ಭಟ್ಟರು ಆ ಸೈಕಲನ್ನು ತಳ್ಳಿಕೊಂಡು ಅಂಗಡಿಯ ಮುಂದೆ ಬಂದು ನಿಂತಾಗ ನನಗೆ ಬಂದದ್ದು ಕನಿಕರ ಅಲ್ಲ, ಸಿಟ್ಟು. ಬಿಜೈ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ನಮ್ಮ ಅಂಗಡಿ. ಮಾಮೂಲಿ ಸೈಕಲ್ಲಿಗೆ ಮೋಟಾರು, ಬ್ಯಾಟರಿ ಜೋಡಿಸಿ ಎಲೆಕ್ಟ್ರಿಕ್ ಮಾಡಿಕೊಡುವುದು ನಮ್ಮ ಕೆಲಸ. ಅಂಗಡಿ ದುಬೈಯಿಂದ ವಾಪಸು ಬಂದ ಒಬ್ಬ ಬ್ಯಾರಿ ಸಾಹೇಬರದು. ತಂತಿ, ಬೆಸುಗೆ, ಕಂಟ್ರೋಲರ್ ಇದೆಲ್ಲ ನನ್ನದು. ಭಟ್ಟರ ಸೈಕಲ್ಲಿಗೆ ಮೋಟಾರು ಕೂರಿಸಿದವಳೂ ನಾನೇ. ಹಾಗಾಗಿ ಆ ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ನನಗೆ ಹೇಳಲಿಕ್ಕೆ ಬರುತ್ತಿರಲಿಲ್ಲ.

"ಪುನಃ ಎಳೀತು ತಂಗಿ," ಎಂದರು ಭಟ್ಟರು. "ನಾನು ಸೀಟಲ್ಲಿ ಕೂರುವ ಮೊದಲೇ ಹೊರಡ್ತದೆ. ನನಗಿಂತ ಅದಕ್ಕೇ ಪೂಜೆಗೆ ಅವಸರ."

"ಪೆಡಲ್ ತುಳಿಯದೆ ಅದು ಹೋಗ್ಲಿಕ್ಕೆ ಸಾಧ್ಯವೇ ಇಲ್ಲ ಭಟ್ರೇ."

"ನಾನು ಎಲ್ಲಿ ತುಳಿದೆ? ಕೂತರಲ್ಲವಾ ತುಳಿಯುವುದು?"

ಪೆಡಲ್ ಅಸಿಸ್ಟ್ ಎಂದರೆ ದೊಡ್ಡ ಮಾಯೆಯೇನಲ್ಲ. ಎರಡು ಪೆಡಲುಗಳನ್ನು ಸೇರಿಸುವ ಅಚ್ಚಿಗೆ ಮಗುವಿನ ಬಳೆಯಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಉಂಗುರ ತೊಡಿಸುತ್ತೇವೆ. ಅದರಲ್ಲಿ ಹನ್ನೆರಡು ಪುಟ್ಟ ಅಯಸ್ಕಾಂತಗಳಿರುತ್ತವೆ. ಪಕ್ಕದಲ್ಲಿ ಅಲುಗಾಡದ ಹಾಗೆ ಒಂದು ಸೆನ್ಸರ್. ಪೆಡಲು ಮುಂದಕ್ಕೆ ತಿರುಗಿದಾಗ ಅಯಸ್ಕಾಂತಗಳು ಒಂದೊಂದಾಗಿ ಸೆನ್ಸರಿನ ಎದುರು ಹಾದುಹೋಗುತ್ತವೆ. ಅದು ಎಣಿಸಿ ಕಂಟ್ರೋಲರಿಗೆ ಹೇಳುತ್ತದೆ. ಗೊತ್ತುಮಾಡಿಟ್ಟಷ್ಟು ಎಣಿಕೆ ಆದೊಡನೆ ಕಂಟ್ರೋಲರು ಹಿಂದಿನ ಚಕ್ರದ ಮೋಟಾರಿಗೆ ಕರೆಂಟು ಬಿಡುತ್ತದೆ. ಎಣಿಕೆ ನಿಂತರೆ ಮೋಟಾರೂ ನಿಲ್ಲುತ್ತದೆ. ತುಳಿದವರು ಯಾರು, ಯಾಕೆ, ಎಷ್ಟು ಬಲ ಹಾಕಿದರು ಎಂಬ ವಿಚಾರಣೆಯೆಲ್ಲ ಅದಕ್ಕೆ ಇಲ್ಲ. ಮೊದಲ ಎಣಿಕೆಯ ಮಿತಿಯನ್ನು ನಾವು ಬದಲಿಸಬಹುದು. ಭಟ್ಟರ ಬಲಮಂಡಿ ಸವೆದಿದೆ ಎಂದು ನಾನು ಅದನ್ನು ಎರಡಕ್ಕೆ ಇಳಿಸಿದ್ದೆ. ಪೆಡಲು ಚೂರು ಸರಿದರೆ ಸಾಕು, ಮೋಟಾರು ಕೈ ಹಿಡಿಯಬೇಕು. ಅದನ್ನು ಅವರಿಗೆ ಮಾಡಿದ ಉಪಕಾರ ಎಂದುಕೊಂಡಿದ್ದೆ.

ಭಟ್ಟರಿಗೆ ಬೆಳಿಗ್ಗೆ ಮೂರು ಕಡೆ ಪೂಜೆ. ಮೊದಲು ಒಂದು ಮನೆಯ ದೇವರಕೋಣೆ, ಆಮೇಲೆ ಅಂಗಡಿ ಸಾಲಿನ ಗಣಪತಿ, ಕೊನೆಗೆ ಕದ್ರಿ ಗುಡ್ಡದ ಏರಿನ ಮೇಲಿನ ಪುಟ್ಟ ದೇವಿ ಗುಡಿ. ಅವರ ಮನೆ ನಡೆಯುವುದು ಈ ಮೂರನೆಯದರಿಂದ. ಸ್ಕೂಟರನ್ನು ಅವರು ಕಲಿಯಲೇ ಇಲ್ಲ, ಮೂವತ್ತು ವರ್ಷದಿಂದ ಸೈಕಲ್ಲೇ. ಮಂಡಿ ಕೈಕೊಟ್ಟ ಮೇಲೆ ಏರಿನಲ್ಲಿ ಇಳಿದು ತಳ್ಳತೊಡಗಿದರು, ಗುಡಿಯ ಬಾಗಿಲು ತೆರೆಯುವುದು ದಿನಾ ತಡವಾಯಿತು. ಗುಡಿಯ ಸಮಿತಿಯ ಕಾರ್ಯದರ್ಶಿ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಏಳು ಗಂಟೆಗೆ ಬಾಗಿಲು ತೆರೆಯದಿದ್ದರೆ ಬೇರೆ ಭಟ್ಟರನ್ನು ನೋಡುತ್ತೇವೆ ಎಂದು.

ಮೋಟಾರು ಕೂರಿಸಿದ ಮೇಲೆ ತಡ ಇನ್ನೂ ಹೆಚ್ಚಾಯಿತು. ಯಾಕೆಂದರೆ ಭಟ್ಟರು ಬೀಳತೊಡಗಿದರು. ಬೇರೆಯವರು ಬಿದ್ದರೆ ಮೈ ಕೊಡವಿಕೊಂಡು ಹೋಗುತ್ತಾರೆ. ಇವರು ಮಿಂದು, ಒಗೆದು ಬೇರೆಯಾಗಿ ಒಣಗಿಸಿದ ಮಡಿ ಪಂಚೆ ಉಟ್ಟು, ಯಾರನ್ನೂ ಮುಟ್ಟದೆ ಹೊರಡುವವರು. ಮೀನಿನ ಲಾರಿ ನೀರು ಸುರಿಸಿಕೊಂಡು ಹೋದ ರಸ್ತೆಗೆ ಬಿದ್ದರೆ ತಿರುಗಿ ಮನೆಗೆ ಹೋಗಬೇಕು, ತಲೆಗೆ ನೀರು ಹಾಕಬೇಕು, ಬೇರೆ ಪಂಚೆ ಉಡಬೇಕು. ಒಂದು ಸಲ ಬಿದ್ದರೆ ಮುಕ್ಕಾಲು ಗಂಟೆ ಹೋಯಿತು. ಮಂಗಳೂರಿನ ರಸ್ತೆಯಲ್ಲಿ ಮಡಿ ಹೇಗೆ ಉಳಿಯುತ್ತದೆ ಎಂದು ನಾನು ಕೇಳಲಿಲ್ಲ. ಅವರವರ ಲೆಕ್ಕ ಅವರವರಿಗೆ ಸರಿ ಇರುತ್ತದೆ.

ಮೊದಲ ಸಲ ಬಂದಾಗ ಸೈಕಲನ್ನು ಸ್ಟ್ಯಾಂಡಿಗೆ ಏರಿಸಿ ಪೆಡಲನ್ನು ಕೈಯಲ್ಲಿ ತಿರುಗಿಸಿ ನೋಡಿದ್ದೆ. ತಿರುಗಿಸಿದರೆ ಚಕ್ರ ಓಡಿತು, ಬಿಟ್ಟರೆ ನಿಂತಿತು. ಹಿಂದಕ್ಕೆ ತಿರುಗಿಸಿದರೆ ಅಲುಗಲೇ ಇಲ್ಲ. ಎಲ್ಲ ಸರಿ. ಉಂಗುರವನ್ನು ಬಿಗಿ ಮಾಡಿ ಕಳಿಸಿದೆ. ಎರಡನೆಯ ಸಲ ಒಂದು ಸಂಗತಿ ತಿಳಿಯಿತು. ಭಟ್ಟರು ದಿನಾ ಹೊರಡುವ ಮೊದಲು ಸೈಕಲ್ಲಿಗೂ ನೀರು ಚಿಮುಕಿಸುತ್ತಾರಂತೆ. ಹ್ಯಾಂಡಲ್ಲಿಗೆ, ಸೀಟಿಗೆ, ಉಳಿದದ್ದು ಕೆಳಗೆ ಎಲ್ಲಿ ಬಿತ್ತೋ ಅಲ್ಲಿಗೆ. ನನಗೆ ಕಳ್ಳ ಸಿಕ್ಕಿಬಿದ್ದಷ್ಟು ಸಂತೋಷವಾಯಿತು. "ನೀವು ದಿನಾ ಅಭಿಷೇಕ ಮಾಡಿದ್ರೆ ಸೆನ್ಸರಿಗೆ ಶೀತ ಆಗದೆ ಇರ್ತದಾ ಭಟ್ರೇ?" ಎಂದು ತಮಾಷೆ ಮಾಡಿ, ಜೋಡಣೆಗಳನ್ನೆಲ್ಲ ಬಿಚ್ಚಿ ಒಣಗಿಸಿ, ಗ್ರೀಸು ತುಂಬಿ ರಬ್ಬರ್ ತೊಡಿಸಿದೆ. ಬಿಜೈಯಿಂದ ಕಾಪಿಕಾಡಿಗೆ ನಾನೇ ನಾಲ್ಕು ಸುತ್ತು ಓಡಿಸಿದೆ. ಸಾಹೇಬರೂ ಓಡಿಸಿದರು. ಬೆಣ್ಣೆಯ ಹಾಗೆ ಹೋಯಿತು.

ಈಗ ಮೂರನೆಯ ಸಲ. ಭಟ್ಟರ ಮೊಣಕೈ ತರಚಿತ್ತು, ಅದಕ್ಕೆ ಅರಶಿನ ಹಚ್ಚಿಕೊಂಡಿದ್ದರು.

"ಒಮ್ಮೆ ಇಲ್ಲೇ ಹತ್ತಿ ತೋರಿಸಿ," ಎಂದೆ.

ನಮ್ಮ ಅಂಗಡಿಯ ಮುಂದೆ ಚರಂಡಿಗೆ ಹಾಸಿದ ಎತ್ತರದ ಚಪ್ಪಡಿ ಉಂಟು. ಭಟ್ಟರು ಅದರ ಮೇಲೆ ನಿಂತು, ಸುಲಭವಾಗಿ ಕಾಲು ದಾಟಿಸಿ ಸೀಟಿನಲ್ಲಿ ಕೂತು ಹೊರಟರು. ಏನೂ ಆಗಲಿಲ್ಲ. ವಾಪಸು ಬಂದಾಗ ಅವರ ಮುಖ ಸಪ್ಪೆಯಾಗಿತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದವರ ಹಾಗೆ ನನ್ನನ್ನು ನೋಡಿದರು. ನಾನೂ ಹಾಗೇ ನೋಡಿದೆನೋ ಏನೋ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಾಹೇಬರು ವ್ಯಾಪಾರಸ್ಥರು, ಗೊಂದಲ ಇಟ್ಟುಕೊಳ್ಳುವವರಲ್ಲ. "ಎಂತ ಮಾರಾಯ್ತಿ, ಅವರಿಗೆ ಏನಾದ್ರೂ ಆದ್ರೆ ಹೆಸರು ಹೋಗುವುದು ಅಂಗಡಿದು. ಮೋಟಾರ್ ಬಿಚ್ಚಿ ತೆಗೆದುಬಿಡು. ಅವರ ಸೈಕಲ್ ಅವರಿಗೆ ಹೇಗಿತ್ತೋ ಹಾಗೆ ಕೊಡುವ."

"ಬಿಚ್ಚಿದ್ರೆ ಏರಲ್ಲಿ ತಳ್ಬೇಕು ಸಾಹೇಬ್ರೇ. ಗುಡಿ ಹೋಗ್ತದೆ."

"ಕಾಲು ಮುರಿದ್ರೆ ಮೂರೂ ಹೋಗ್ತದೆ."

ಮಾತು ಸರಿಯೇ. ಆದರೆ ನನಗೆ ಒಪ್ಪಲಾಗಲಿಲ್ಲ. ಆ ದಿನಗಳಲ್ಲಿ ನನಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಬೇರೆ ಸೈಕಲ್ಲಿನ ಕೆಲಸ ಕೈಗೆತ್ತಿಕೊಂಡು ಅರ್ಧಕ್ಕೆ ಬಿಡುತ್ತಿದ್ದೆ. ಚಾ ಕುಡಿಯಲು ಹೋಗಿ ಚಾ ಬರುವ ಮೊದಲೇ ಎದ್ದು ಬರುತ್ತಿದ್ದೆ. ಫೋನ್ ರಿಂಗಾದರೆ ಭಟ್ಟರು ಬಿದ್ದರು ಎಂದೇ ಎಣಿಸುತ್ತಿದ್ದೆ.

ಕೊನೆಗೆ ಒಂದು ಉಪಾಯ ಹೊಳೆಯಿತು. ಹೆಚ್ಚು ಬೆಲೆಯ ಸೈಕಲ್ಲುಗಳಲ್ಲಿ ಇನ್ನೊಂದು ಬಗೆಯ ಸೆನ್ಸರ್ ಇರುತ್ತದೆ. ಅದು ಎಣಿಸುವುದಷ್ಟೇ ಅಲ್ಲ, ತುಳಿತದ ಬಲವನ್ನೂ ಅಳೆಯುತ್ತದೆ. ಮೆಲ್ಲ ತುಳಿದರೆ ಮೆಲ್ಲ, ಜೋರಾಗಿ ತುಳಿದರೆ ಜೋರಾಗಿ ಮೋಟಾರು ಸಹಾಯ ಮಾಡುತ್ತದೆ. ಕಾಲು ತಾಗಿ ಪೆಡಲು ಅಕಸ್ಮಾತ್ ಸರಿದರೆ ಅದು ಮೋಸ ಹೋಗಲಿಕ್ಕಿಲ್ಲ ಎಂದು ನನ್ನ ಲೆಕ್ಕ. ಸಾಹೇಬರನ್ನು ಕಾಡಿ ಬೇಡಿ ತರಿಸಿದೆ. ಅಚ್ಚನ್ನೇ ಬದಲಿಸಬೇಕಾಯಿತು. ಮೂವತ್ತು ವರ್ಷದ ತುಕ್ಕು ಹಿಡಿದ ಅಚ್ಚು ಹೊರಬರುವಾಗ ನನ್ನ ಅಂಗೈ ಸಿಪ್ಪೆ ಸುಲಿದಿತ್ತು. ಸಂಜೆ ಭಟ್ಟರಿಗೆ ಒಪ್ಪಿಸುವಾಗ "ಇನ್ನು ಬೀಳ್ಲಿಕ್ಕಿಲ್ಲ" ಎಂದು ಹೇಳಿಬಿಟ್ಟೆ.

ಮರುದಿನ ಬೆಳಿಗ್ಗೆಯೇ ಬಿದ್ದರು. ಮೊದಲಿಗಿಂತ ಜೋರಾಗಿ. ಸೈಕಲು ಅವರನ್ನು ಬಿಟ್ಟು ಎದುರು ಮನೆಯ ಪಾಗಾರದ ಗೋಡೆಗೆ ಹೋಗಿ ಬಡಿದಿತ್ತು. ಫೋನಿನಲ್ಲಿ ಅವರು ಬೈಯಲಿಲ್ಲ. "ಹೊಸದಕ್ಕೆ ಶಕ್ತಿ ಜಾಸ್ತಿ ಉಂಟು," ಎಂದರು ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಬಲ ಅಳೆಯುವ ಸೆನ್ಸರಿನಲ್ಲಿ ಹೆಚ್ಚು ಎಳೆಯಿತು ಎಂದರೆ ಪೆಡಲಿನ ಮೇಲೆ ನಿಜವಾಗಿಯೂ ಭಾರೀ ಬಲ ಬಿದ್ದಿದೆ. ಅಂದರೆ ಯಂತ್ರದ ತಪ್ಪಲ್ಲ. ಭಟ್ಟರು ಕೂರುವ ಮೊದಲು ಏನೋ ನಡೆಯುತ್ತಿದೆ, ಅದು ಅಂಗಡಿಯಲ್ಲಿ ನಡೆಯುವುದಿಲ್ಲ. ಇಷ್ಟು ದಿನ ಸೈಕಲನ್ನು ನನ್ನ ಹತ್ತಿರ ತರಿಸಿಕೊಂಡು ನೋಡುತ್ತಿದ್ದೆ. ನಾನೇ ಹೋಗಿ ನೋಡುವುದು ಎಂದು ತೀರ್ಮಾನಿಸಿದೆ. ಅವರು ಹೊರಡುವ ಹೊತ್ತಿಗೆ, ಅವರ ಗೇಟಿನ ಎದುರು. ಹಳೆಯ ಸೆನ್ಸರನ್ನು ಮತ್ತೆ ಹಾಕಿಕೊಟ್ಟು, ನಾಳೆ ಬರುತ್ತೇನೆ ಎಂದೆ.

ಬೆಳಿಗ್ಗೆ ಐದೂವರೆಗೆ ಹೋಗಿ ನಿಂತೆ. ಮನೆ ಒಂದು ಸಣ್ಣ ಏರಿನ ಬುಡದಲ್ಲಿದೆ, ಗೇಟು ದಾಟಿದ ಕೂಡಲೇ ರಸ್ತೆ ಮೇಲಕ್ಕೆ ಏರುತ್ತದೆ. ಭಟ್ಟರು ಮಡಿಯಲ್ಲಿ ಹೊರಬಂದರು. ಹ್ಯಾಂಡಲ್ಲಿನ ಬುಟ್ಟಿಯಲ್ಲಿ ಹೂವು, ಎಳ್ಳೆಣ್ಣೆ ಬಾಟಲಿ. "ನೀವು ಆಚೆ ನಿಲ್ಲಿ, ಮುಟ್ಲಿಕ್ಕಿಲ್ಲ," ಎಂದರು. ನಾನು ಕೈಕಟ್ಟಿ ಎರಡು ಮಾರು ದೂರ ನಿಂತೆ.

ಅವರು ಪಂಚೆ ಎತ್ತಿ ಕಟ್ಟಿದರು. ಎಡಗಡೆಯ ಪೆಡಲನ್ನು ಪಾದದ ತುದಿಯಿಂದ ಹಿಂದಕ್ಕೆ ತಿರುಗಿಸಿ ಮೇಲಕ್ಕೆ ತಂದು ಸ್ವಲ್ಪ ಮುಂದಕ್ಕೆ ನಿಲ್ಲಿಸಿದರು. ಆಮೇಲೆ ಎಡಗಾಲನ್ನು ಅದರ ಮೇಲಿಟ್ಟು ಇಡೀ ಮೈಯ ಭಾರ ಹಾಕಿ ಎದ್ದು ನಿಂತರು. ಪೆಡಲು ಇಳಿಯಿತು, ಸೈಕಲು ಮುಂದೆ ಸರಿಯಿತು. ಬಲಗಾಲು ಹಿಂದಿನಿಂದ ಸುತ್ತಿ ಬರಲು ಗಾಳಿಯಲ್ಲಿ ಎದ್ದಿತ್ತು. ಆಗ ಮೋಟಾರು ಎಳೆಯಿತು.

ಅವರು ಎಡಕ್ಕೆ ವಾಲಿದರು. ನಾನು ಯೋಚಿಸಲಿಲ್ಲ, ಓಡಿಹೋಗಿ ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಬೀಳಲಿಲ್ಲ. ಹೂವೂ ಚೆಲ್ಲಲಿಲ್ಲ. ಆದರೆ ಗ್ರೀಸಿನ ಅಂಗಿ ತೊಟ್ಟ ನಾನು ಅವರ ಭುಜ ಹಿಡಿದು ನಿಂತಿದ್ದೆ. ಅವರು ನನ್ನ ಕೈಗಳನ್ನು ನೋಡಿದರು, ನಾನೂ ನೋಡಿದೆ. ಸೈಕಲನ್ನು ಗೋಡೆಗೆ ಒರಗಿಸಿ ಅವರು ಬಾವಿಕಟ್ಟೆಗೆ ಹೋದರು. ಕೊಡದಿಂದ ನೀರು ಸುರಿಯುವ ಸದ್ದು ಕೇಳುತ್ತ ನಿಂತೆ. ಬಿದ್ದರೂ ಮುಕ್ಕಾಲು ಗಂಟೆ, ಹಿಡಿದರೂ ಮುಕ್ಕಾಲು ಗಂಟೆ. ಗುಡಿ ಆ ದಿನವೂ ತಡವಾಯಿತು. ನನ್ನಿಂದಲೇ ತಡವಾಯಿತು.

ಅವರು ಮೀಯುವಷ್ಟು ಹೊತ್ತು ಅಂಗಳದಲ್ಲಿ ಬ್ಯಾಟರಿ ಆರಿಸಿ ನಾನೂ ಹಾಗೆ ಹತ್ತಿ ನೋಡಿದೆ. ಎರಡು ಸಲ ಮುಗ್ಗರಿಸಿದೆ. ನಾನು ಕಲಿತದ್ದು ಅಡ್ಡಪಟ್ಟಿ ಇಲ್ಲದ ಲೇಡೀಸ್ ಸೈಕಲ್ಲಿನಲ್ಲಿ. ಮೊದಲು ಕೂರುವುದು, ಆಮೇಲೆ ತುಳಿಯುವುದು. ಸಾಹೇಬರು ಹೊಟ್ಟೆಯ ಕಾರಣಕ್ಕೆ ಸೀಟು ಇಳಿಸಿ, ಎರಡೂ ಕಾಲು ನೆಲಕ್ಕಿಟ್ಟು ಕೂತು ಹೊರಡುವವರು. ಈ ಸೈಕಲನ್ನು ಪರೀಕ್ಷೆ ಮಾಡಿದ್ದು ನಾವಿಬ್ಬರೇ. ಭಟ್ಟರು ಅಂಗಡಿಯಲ್ಲಿ ಹತ್ತಿ ತೋರಿಸಿದ್ದೂ ಎತ್ತರದ ಚಪ್ಪಡಿಯ ಮೇಲಿಂದ. ಭಟ್ಟರು ಮೊದಲು ಬಲಗಾಲಿನಿಂದ ನೆಲವನ್ನು ಎರಡು ಸಲ ನೂಕಿ ಏರುತ್ತಿದ್ದರಂತೆ. ಆಗ ಪೆಡಲು ಕೆಳಗೇ ಇರುತ್ತದೆ, ತಿರುಗುವುದಿಲ್ಲ. ಬಲಮಂಡಿ ಹೋದ ಮೇಲೆ ನೂಕಲಾಗದೆ ಎಡಪೆಡಲಿನ ಮೇಲೆ ನಿಂತು ಏರುವುದನ್ನು ರೂಢಿಸಿಕೊಂಡರು. ಹನ್ನೆರಡು ಅಯಸ್ಕಾಂತದ ಉಂಗುರ ಕಾಲು ಭಾಗ ತಿರುಗಿದರೆ ಮೂರು ಎಣಿಕೆ. ನಾನಿಟ್ಟ ಮಿತಿ ಎರಡು. ಬಲ ಅಳೆಯುವ ಸೆನ್ಸರಿಗಂತೂ ಇಡೀ ಮೈಯ ಭಾರಕ್ಕಿಂತ ದೊಡ್ಡ ತುಳಿತ ಬೇರೆ ಯಾವುದು?

ಮಂಡಿಯ ನೋವಿಗೆಂದು ನಾನು ಹಾಕಿಕೊಟ್ಟ ಮೋಟಾರು, ಮಂಡಿಯ ನೋವಿನಿಂದ ಅವರು ಕಲಿತ ಕ್ರಮದ ಮೇಲೆಯೇ ಎರಗುತ್ತಿತ್ತು. ಕೂರುವ ಮೊದಲೇ ಹೊರಡುತ್ತದೆ ಎಂದು ಅವರು ಮೊದಲ ದಿನದಿಂದ ಹೇಳುತ್ತಿದ್ದರು. ನಾನು ಸ್ಟ್ಯಾಂಡಿನ ಮೇಲಿನ ಚಕ್ರವನ್ನು ನಂಬಿದೆ, ಅವರನ್ನು ನಂಬಲಿಲ್ಲ.

ಸುಲಭದ ದಾರಿ ಒಂದಿತ್ತು. ಎಣಿಕೆಯ ಮಿತಿಯನ್ನು ಆರಕ್ಕೆ ಏರಿಸುವುದು. ಏರಿಸಿ ನೋಡಿದೆವು. ಹತ್ತುವಾಗ ಎಳೆಯಲಿಲ್ಲ, ಆದರೆ ಕೂತ ಮೇಲೆ ಏರಿನಲ್ಲಿ ಪೆಡಲಿನ ಮೊದಲ ಅರ್ಧ ಸುತ್ತನ್ನು ಭಟ್ಟರೇ ಒದೆಯಬೇಕು, ಎಡಪೆಡಲು ಆಗಲೇ ಇಳಿದಿರುವುದರಿಂದ ಅದೂ ಬಲಗಾಲಿನಲ್ಲಿ. ಅವರು ಹಲ್ಲು ಕಚ್ಚಿ ತುಳಿದರು, ಎರಡು ಗಜ ಹೋಗಿ ಕಾಲನ್ನು ನೆಲಕ್ಕೆ ಊರಿದರು. ಇನ್ನೊಂದು ದಾರಿ ಬ್ರೇಕು. ಬ್ರೇಕನ್ನು ಚೂರು ಹಿಡಿದರೂ ಮೋಟಾರಿಗೆ ಕರೆಂಟು ನಿಲ್ಲುವಂತೆ ಅಲ್ಲೊಂದು ಸ್ವಿಚ್ಚು ಇರುತ್ತದೆ.

"ಬೆರಳಲ್ಲಿ ಬ್ರೇಕ್ ಹಿಡ್ಕೊಂಡು ಹತ್ತಲಿಕ್ಕೆ ಹೇಳು, ಮುಗೀತು," ಎಂದರು ಸಾಹೇಬರು.

"ಮೂವತ್ತು ವರ್ಷದ ಅಭ್ಯಾಸ ಸಾಹೇಬ್ರೇ. ಹತ್ತು ದಿನ ನೆನಪಿರ್ತದೆ. ಹನ್ನೊಂದನೇ ದಿನ ಮಂತ್ರ ಹೇಳ್ತಾ ಹತ್ತಿದ್ರೆ?"

"ಹಾಗಾದ್ರೆ ಎಂತ ಮಾಡ್ತಿ?"

"ಅವರನ್ನು ಬದಲಿಸುವುದು ಬೇಡ. ಸೈಕಲನ್ನು ಬದಲಿಸ್ತೇನೆ. ನಾಲ್ಕು ದಿನ ಕೊಡಿ."

ಸಾಹೇಬರು ಹಣೆ ಚಚ್ಚಿಕೊಂಡರು, ಆದರೆ ಕೊಟ್ಟರು.

ಭಟ್ಟರ ಹಳೆಯ ಸೀಟಿನ ಅಡಿಯಲ್ಲಿ ಎರಡು ದಪ್ಪ ಸ್ಪ್ರಿಂಗು ಉಂಟು. ಕೂತರೆ ಹೆಬ್ಬೆರಳಿನಷ್ಟು ಕುಸಿಯುತ್ತದೆ. ಅಲ್ಲಿ ಒಂದು ಪುಟ್ಟ ಸ್ವಿಚ್ಚು ಕೂರಿಸಿ, ಅದರ ತಂತಿಯನ್ನು ಬ್ರೇಕಿನ ಸ್ವಿಚ್ಚಿನ ತಂತಿಗೆ ಸೇರಿಸಿದೆ. ಸೀಟು ಖಾಲಿ ಇದ್ದರೆ ಬ್ರೇಕು ಹಿಡಿದಿದ್ದಾರೆ ಎಂದೇ ಕಂಟ್ರೋಲರು ತಿಳಿಯುತ್ತದೆ. ಪೆಡಲು ಎಷ್ಟು ತಿರುಗಿದರೂ ಮೋಟಾರು ಸುಮ್ಮನಿರುತ್ತದೆ. ಕೂತ ಕೂಡಲೇ ತಡೆ ಬಿಡುತ್ತದೆ. ಎಣಿಕೆಯನ್ನು ಮತ್ತೆ ಎರಡಕ್ಕೆ ತಂದೆ. ಬಹಳ ಖುಷಿಯಾಗಿ ನಾನೇ ಓಡಿಸಿಕೊಂಡು ಹೋದೆ. ಮೊದಲ ಹಂಪಿನಲ್ಲಿ ಕುಂಡೆ ಎಗರಿತು, ಮೋಟಾರು ಕಡಿಯಿತು, ಕೂತಾಗ ಮತ್ತೆ ಎಳೆಯಿತು. ಬಿಜೈ ರಸ್ತೆಯ ಗುಂಡಿಗಳಲ್ಲಿ ಸೈಕಲು ಬಿಕ್ಕಳಿಸುತ್ತ ಹೋಯಿತು.

ಅರ್ಧ ಸೆಕೆಂಡ್ ಕಾದು ಆಮೇಲೆ ಕಡಿಯುವಂತೆ ಒಂದು ಕೆಪಾಸಿಟರ್ ಹಾಕಿದೆ. ಬಿಕ್ಕಳಿಕೆ ನಿಂತಿತು. ಆದರೆ ಅದನ್ನು ಸೇರಿಸಿದ ಜಾಗ ತಪ್ಪಿತ್ತು. ಈಗ ಬ್ರೇಕು ಹಿಡಿದರೂ ಮೋಟಾರು ಅರ್ಧ ಸೆಕೆಂಡ್ ತಡವಾಗಿ ನಿಲ್ಲುತ್ತಿತ್ತು. ಒಂದು ಆಟೋದ ಹಿಂಭಾಗಕ್ಕೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿದಾಗ ಅದು ತಿಳಿಯಿತು. ಇದನ್ನೇ ಭಟ್ಟರಿಗೆ ಕೊಟ್ಟಿದ್ದರೆ ಎಂದು ನೆನೆದು ರಸ್ತೆಯ ಬದಿಯಲ್ಲೇ ಕೂತುಬಿಟ್ಟೆ. ಎಲ್ಲ ಬಿಚ್ಚಿ, ಸೀಟಿನ ತಂತಿ ಮತ್ತು ಬ್ರೇಕಿನ ತಂತಿ ಒಂದರ ದಾರಿಗೆ ಇನ್ನೊಂದು ಬಾರದ ಹಾಗೆ ನಡುವೆ ಟ್ರಾನ್ಸಿಸ್ಟರ್ ಇಟ್ಟು ಹೊಸದಾಗಿ ಬೆಸೆದೆ. ಸ್ವಿಚ್ಚನ್ನು ರಬ್ಬರಿನಲ್ಲಿ ಸುತ್ತಿ ಬಾಲ್ದಿಯಲ್ಲಿ ಮುಳುಗಿಸಿಟ್ಟೆ. ದಿನಾ ಬೆಳಿಗ್ಗೆ ಅದಕ್ಕೂ ಸ್ನಾನ ಉಂಟಲ್ಲ. ಆಮೇಲೆ ಸೈಕಲನ್ನು ಸ್ಟ್ಯಾಂಡಿಗೆ ಏರಿಸಲೇ ಇಲ್ಲ. ಭಟ್ಟರ ಹಾಗೆಯೇ ಎಡಪೆಡಲಿನ ಮೇಲೆ ನಿಂತು, ಕಾಲು ಸುತ್ತಿಸಿ, ಲೆಕ್ಕವಿಲ್ಲದಷ್ಟು ಸಲ ಹತ್ತಿ ಇಳಿದೆ. ಎದುರಿನ ಜ್ಯೂಸ್ ಅಂಗಡಿಯವರು ಕುರ್ಚಿ ಹಾಕಿಕೊಂಡು ನೋಡಿದರು.

ಅಷ್ಟರಲ್ಲಿ ಕಾರ್ಯದರ್ಶಿಯ ಫೋನ್ ಭಟ್ಟರಿಗೆ ಬಂದಿತ್ತು. ನಾಳೆ ಇನ್ನೊಬ್ಬ ಭಟ್ಟರನ್ನೂ ಬರಹೇಳಿದ್ದೇವೆ, ಏಳರ ಒಳಗೆ ನೀವು ಬಂದರೆ ನೀವು, ಇಲ್ಲವಾದರೆ ಅವರು.

ಮರುದಿನ ಬೆಳಿಗ್ಗೆ ನಾನು ಅವರ ಗೇಟಿನ ಎದುರಿದ್ದೆ. ಈ ಸಲ ಕೈಗಳನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದೆ. ಭಟ್ಟರು ನೀರು ಚಿಮುಕಿಸಿದರು. ಪಂಚೆ ಕಟ್ಟಿದರು. ಪೆಡಲಿನ ಮೇಲೆ ಎದ್ದು ನಿಂತರು. ಬಲಗಾಲು ನಿಧಾನವಾಗಿ ಸುತ್ತಿ ಬಂತು. ಕೂತರು. ಹೊರಟಿತು.

"ಹಿಂದೆ ಬರ್ಬೇಡಿ," ಎಂದು ತಿರುಗದೆ ಕೂಗಿದರು. "ನೀವಿದ್ರೆ ನನಗೆ ಹೆದರಿಕೆ ಆಗ್ತದೆ."

ಇನ್ನು ಮೂರು ಸಲ ಇಳಿದು ಹತ್ತಲಿಕ್ಕುಂಟು ಎಂದುಕೊಂಡೆ. ಅಲ್ಲ, ಗುಡಿಯಲ್ಲಿ ಇಳಿಯುವುದು ಮಾತ್ರ, ಎರಡೇ ಸಲ. ಮಡಿಯಲ್ಲಿ ಅವರು ಫೋನ್ ಒಯ್ಯುವುದಿಲ್ಲ. ಅಂಗಡಿಯ ಬಾಗಿಲು ಎತ್ತಿದೆ, ಮತ್ತೆ ಎಳೆದೆ. ಕಸ ಗುಡಿಸಲು ಹೊರಟು ಪೊರಕೆ ಬಿಟ್ಟೆ. ತಡೆಯಲಾರದೆ ಕದ್ರಿ ಏರನ್ನು ನಡೆದೇ ಹತ್ತಿದೆ. ಅರ್ಧದಲ್ಲಿ ಓಡಿದೆ.

ಗುಡಿಯ ಅಂಗಳದಲ್ಲಿ ಮೊದಲು ಕಂಡದ್ದು ಒಂದು ಸ್ಕೂಟರು. ಜಗಲಿಯಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಭಟ್ಟರು ಶಾಲು ಮಡಚಿ ತೊಡೆಯ ಮೇಲಿಟ್ಟು ಕೂತಿದ್ದರು. ಕಾರ್ಯದರ್ಶಿ ಬೀಗದ ಕೈ ಹಿಡಿದು ನಿಂತಿದ್ದರು. ಬಾಗಿಲು ಮುಚ್ಚಿತ್ತು. ಗಂಟೆ ಆರು ಮುಕ್ಕಾಲು ದಾಟಿತ್ತು. ನಾನು ಅಂಗಳದ ತುದಿಯಿಂದ ರಸ್ತೆಯ ತಿರುವಿಗೆ, ತಿರುವಿನಿಂದ ಅಂಗಳಕ್ಕೆ ನಡೆದೆ. ಒಂದು ಹಾಲಿನ ಗಾಡಿ ಬಂತು. ಶಾಲೆಯ ವ್ಯಾನು ಬಂತು. ಎಲ್ಲೋ ಬಿದ್ದಿದ್ದಾರೆ, ಹಿಡಿಯಲು ಯಾರೂ ಇರಲಿಲ್ಲ ಎಂದು ಮನಸ್ಸು ಹೇಳುತ್ತಲೇ ಇತ್ತು.

ತಿರುವಿನಲ್ಲಿ ಮೊದಲು ಬುಟ್ಟಿ ಕಂಡಿತು. ಆಮೇಲೆ ಭಟ್ಟರು. ಕೂತಿದ್ದರು. ಬೆನ್ನು ನೆಟ್ಟಗೆ, ಪೆಡಲು ಸಾವಕಾಶ ತಿರುಗುತ್ತಿತ್ತು, ಏರು ಅವರಿಗೆ ಏರೇ ಅಲ್ಲವೆಂಬ ಹಾಗೆ. ನಾನು ನೋಡಿದ್ದು ಪಂಚೆಯನ್ನು. ಕೆಸರಿಲ್ಲ, ಬದಲಿಸಿದ್ದೂ ಅಲ್ಲ, ಬೆಳಿಗ್ಗೆ ಉಟ್ಟದ್ದೇ. ಕಾರ್ಯದರ್ಶಿ ವಾಚು ನೋಡಿ ಬೀಗದ ಕೈಯನ್ನು ಜಗಲಿಯ ಮೇಲಿಟ್ಟರು. ಭಟ್ಟರು ಅದನ್ನು ಎತ್ತಿಕೊಂಡು, ಬಾಗಿಲು ತೆರೆದು ಒಳಗೆ ಹೋದರು. ಗಂಟೆಯ ಸದ್ದು ಬಂದಾಗ ನನಗೆ ಅಳು ತಡೆಯಲಾಗಲಿಲ್ಲ. ಗ್ರೀಸಿನ ತೋಳಿನಲ್ಲೇ ಮುಖ ಒರೆಸಿಕೊಂಡೆ.

ಜಗಲಿಯಲ್ಲಿದ್ದ ಭಟ್ಟರು ಎದ್ದು ನನ್ನ ಹತ್ತಿರ ಬಂದರು. ಅವರ ಕಣ್ಣು ಗೋಡೆಗೆ ಒರಗಿದ್ದ ಸೈಕಲ್ಲಿನ ಮೇಲಿತ್ತು. ಅವರಿಗೆ ಸಿಗಬೇಕಾದ ಕೆಲಸ ಆಗಷ್ಟೇ ತಪ್ಪಿತ್ತು. ಅವರ ಮುಖ ನೋಡಲು ನನಗೆ ಸಂಕೋಚವಾಯಿತು.

"ಇದು ನಿಮ್ಮ ಅಂಗಡಿದಾ?" ಎಂದು ಕೇಳಿದರು. "ಬಜಪೆ ಕಡೆ ಎರಡು ಮನೆ ಪೂಜೆ ಉಂಟು ನನಗೆ. ಸ್ಕೂಟರಿನ ಪೆಟ್ರೋಲಿಗೇ ಎಲ್ಲ ಹೋಗ್ತದೆ. ನನಗೂ ಹೀಗೆ ಒಂದು ಮಾಡಿಕೊಡ್ಲಿಕ್ಕೆ ಆಗ್ತದಾ?"

"ಮೊದಲು ನೀವು ಸೈಕಲ್ ಹೇಗೆ ಹತ್ತುತ್ತೀರಿ ಅಂತ ತೋರಿಸಿ," ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ನಗು ನಿಲ್ಲಿಸಿ ಅವರು ಶಾಲನ್ನು ಸೊಂಟಕ್ಕೆ ಬಿಗಿದರು, ಅಂಗಳದ ನಡುವೆ ಇಲ್ಲದ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತರು, ಒಂದು ಕ್ಷಣ ನೆನಪು ಮಾಡಿಕೊಂಡರು. ಆಮೇಲೆ, ಎಲ್ಲರ ಹಾಗೆ ಎಡಗಡೆಯಿಂದಲ್ಲ, ಬಲಗಡೆಯಿಂದ ಹತ್ತಿದರು.